ಪಾಯಿಂಟ್ ಎಲ್ಲಿ ಸರ್?

ಫೆಬ್ರವರಿ ಮುಗಿಯುವಾಗ ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. "ಸರ್, ಒಂದು ಪಾಯಿಂಟ್ ನೋಡಿ ಕೊಡ್ಬೇಕಿತ್ತು." ಪಾಯಿಂಟ್ ಅಂದರೆ ಬೋರ್ ಕೊರೆಯುವ ಜಾಗ. ನಾನು ಭೂಜಲ ಶಾಸ್ತ್ರ ಓದಿದವನು. ಉಡುಪಿ, ಮಂಗಳೂರು ಸುತ್ತಮುತ್ತ ಇಪ್ಪತ್ತು ವರ್ಷಗಳಿಂದ ಇದೇ ಕೆಲಸ. ಹೋದಲ್ಲೆಲ್ಲ ಮೊದಲ ಪ್ರಶ್ನೆ "ಎಲ್ಲಿ?" "ಎಷ್ಟು ದಿನ?" ಅಂತ ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಎಲ್ಲಿ ಬಾವಿ ತೋಡಿದರೂ ನೀರು ಬರುತ್ತದೆ. ಅದು ಏಪ್ರಿಲ್ ತನಕ ಇರುತ್ತದಾ ಅನ್ನುವುದೇ ತಲೆನೋವು.

ಕಳೆದ ಬೇಸಿಗೆಯಲ್ಲಿ ಹಿರಿಯಡ್ಕದ ಕಡೆ ಒಂದು ಮನೆಗೆ ಹೋಗಿದ್ದೆ. ನನಗಿಂತ ಮೊದಲೇ ತೆಂಗಿನಕಾಯಿ ಹಿಡಿದು ನೀರು ನೋಡುವವರು ಬಂದು ಹೋಗಿದ್ದರು. ಅಂಗಳದ ಮೂಲೆಯಲ್ಲಿ ಸುಣ್ಣದ ಗುರುತು. "ಅವರ ಕೈಯಲ್ಲಿ ತೆಂಗಿನಕಾಯಿ ಎದ್ದೇ ನಿಂತಿತು ಸರ್. ನೀವು ಮೆಷಿನಲ್ಲಿ ಒಮ್ಮೆ ನೋಡಿ. ಎರಡೂ ಒಂದೇ ಕಡೆ ಬಂದರೆ ಧೈರ್ಯ ಅಲ್ವಾ?" ಅಂದರು ಯಜಮಾನರು. ಜಾತಕ ಹೊಂದಿಸಲು ಇನ್ನೊಬ್ಬ ಜೋಯಿಸರನ್ನು ಕರೆದ ಹಾಗೆ ನನ್ನನ್ನು ಕರೆದಿದ್ದರು.

ತೆಂಗಿನಕಾಯಿ ಏಳುವುದು ಸುಳ್ಳಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ಹಿಡಿದವರಿಗೇ ಗೊತ್ತಾಗದ ಹಾಗೆ ಕೈಯ ಸ್ನಾಯು ಚೂರು ಅಲ್ಲಾಡಿದರೂ ಸಾಕು, ಆ ಕಾಯಿ ಅಥವಾ ಕವಲು ಕೋಲು ತಿರುಗುತ್ತದೆ. ಹಾಗಾಗಿ ನೀರು ನೋಡುವವರು ಮೋಸ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಹೆಚ್ಚಿನವರು ತಮ್ಮ ಕೈಯನ್ನು ಪೂರ್ತಿ ನಂಬಿದವರು. ಜರ್ಮನಿಯ ಮ್ಯೂನಿಕ್ ಹತ್ತಿರ 1987-88ರಲ್ಲಿ ಇದನ್ನು ದೊಡ್ಡದಾಗಿಯೇ ಪರೀಕ್ಷಿಸಿದರು. ಎರಡು ಅಂತಸ್ತಿನ ಒಂದು ಕೊಟ್ಟಿಗೆ. ಕೆಳಗೆ ಆಚೀಚೆ ಸರಿಸಬಹುದಾದ ನೀರಿನ ಪೈಪು, ಮೇಲೆ ಕೋಲು ಹಿಡಿದವರು. ನೂರಾರು ಮಂದಿಯಲ್ಲಿ ಆರಿಸಿದ 43 ಜನ, 843 ಸಲ ಪ್ರಯತ್ನ. ನಡೆಸಿದವರಿಗೇ ಕೆಲವರಲ್ಲಿ ಏನೋ ಶಕ್ತಿ ಇದೆ ಅನಿಸಿತ್ತು. ಆಮೇಲೆ ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದರು. ಕಣ್ಣು ಮುಚ್ಚಿ ಊಹಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ನಮ್ಮೂರಿನಲ್ಲಿ ಅವರು ಹೇಳಿದ ಕಡೆಯೆಲ್ಲ ಬಾವಿಯಲ್ಲಿ ನೀರು ಬಂತಲ್ಲ? ಬಂತು. ಪಕ್ಕದಲ್ಲಿ ಹತ್ತು ಹೆಜ್ಜೆ ಆಚೆ ತೋಡಿದ್ದರೂ ಬರುತ್ತಿತ್ತು. ಯಾಕೆಂದರೆ ನಾವು ನಿಂತಿರುವುದು ಮುರಕಲ್ಲಿನ ಮೇಲೆ.

ಮುರಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807ರ ಬರಹದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು ಅದು. ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ನಮ್ಮ ಮನೆಗಳ ಗೋಡೆ, ಕಂಪೌಂಡು ಎಲ್ಲ ಅದೇ ಅಲ್ವಾ. ಆದರೆ ನೀರಿನ ವಿಚಾರಕ್ಕೆ ಬಂದರೆ ಅದು ನೀರ್‌ದೋಸೆ. ಮೈ ತುಂಬ ತೂತು. ಮಳೆ ಬಿದ್ದದ್ದೇ ತಡ, ಕುಡಿದುಬಿಡುತ್ತದೆ. ಅದರ ಕೆಳಗೆ ಶೇಡಿ ಮಣ್ಣಿನ ಪದರ. ಬಿಳಿ, ಗುಲಾಬಿ, ಹಳದಿ ಬಣ್ಣದ ನುಣುಪು ಮಣ್ಣು. ನೀರು ಅದರೊಳಗೆ ಸುಲಭಕ್ಕೆ ಇಳಿಯುವುದಿಲ್ಲ, ಅದರ ತಲೆಯ ಮೇಲೆ ನಿಲ್ಲುತ್ತದೆ. ನಮ್ಮ ತೆರೆದ ಬಾವಿಗಳಿಗೆ ಸಿಗುವುದು ಆ ನಿಂತ ನೀರು. ಶೇಡಿಯ ಕೆಳಗೆ ಗಟ್ಟಿ ಕಪ್ಪು ಬಂಡೆ.

"ನಮ್ಮ ಬಾವಿಗೆ ಘಟ್ಟದಿಂದ ಸೆಲೆ ಬರುತ್ತದೆ" ಅಂತ ತುಂಬಾ ಜನ ಹೆಮ್ಮೆಯಿಂದ ಹೇಳುತ್ತಾರೆ. ನೆಲದೊಳಗೆ ಒಂದು ಹೊಳೆ ಪೈಪಿನ ಹಾಗೆ ಹರಿಯುತ್ತಿದೆ, ಅದರ ಮೇಲೆ ಸರಿಯಾಗಿ ತೂತು ಬಿದ್ದರೆ ಗಂಗೆ ಉಕ್ಕುತ್ತಾಳೆ ಅನ್ನುವ ಚಿತ್ರ. ಪಾಯಿಂಟ್ ಅನ್ನುವ ಪದ ಹುಟ್ಟಿದ್ದೇ ಆ ಚಿತ್ರದಿಂದ ಇರಬೇಕು. ಆದರೆ ನಿಮ್ಮ ಬಾವಿಯ ನೀರು ಹೋದ ಜೂನ್‌ನಲ್ಲಿ ನಿಮ್ಮ ಹಿತ್ತಿಲ ಗುಡ್ಡೆಗೆ ಬಿದ್ದ ಮಳೆ. ತೂತಿನಿಂದ ತೂತಿಗೆ ಜಿನುಗಿ ಬಂದಿದೆ. ನೀವು ಸೇದದಿದ್ದರೂ ಅದು ತೋಡಿಗೆ (ಅಂದರೆ ಸಣ್ಣ ಹಳ್ಳಕ್ಕೆ), ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೊರಟೇ ಇರುತ್ತದೆ.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಷ್ಟು ಮಳೆ ಬಂದೂ ನೀರಿಲ್ಲ ಅಂದ್ರೆ ಎಂತ ಸರ್?" ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಸಾವಿರ ಚದರಡಿ ಮಾಡಿನ ಮೇಲೆ ಬೀಳುವ ನೀರು ಮೂರು ಲಕ್ಷ ಲೀಟರ್ ದಾಟುತ್ತದೆ. ದಿನಕ್ಕೆ ತಲಾ 135 ಲೀಟರ್ ಲೆಕ್ಕದಲ್ಲಿ ಐದು ಜನರ ಮನೆಗೆ ವರ್ಷಕ್ಕೆ ಬೇಕಾಗುವುದು ಎರಡೂವರೆ ಲಕ್ಷ ಲೀಟರ್ ಮಾತ್ರ. ಆದರೂ 2019ರ ಮೇ ತಿಂಗಳಲ್ಲಿ ತುಂಬೆ ಮತ್ತು ಬಜೆ ಅಣೆಕಟ್ಟುಗಳಲ್ಲಿ ನೀರು ತಳ ಕಂಡು, ಮಂಗಳೂರು ಉಡುಪಿ ಎರಡರಲ್ಲೂ ನಳ್ಳಿ ನೀರಿಗೆ ಪಾಳಿ ಮಾಡಬೇಕಾಯಿತು. ಮಳೆಯ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಘಟ್ಟದ ತುದಿಯಿಂದ ಕಡಲಿಗೆ ನೇರ ದಾರಿ ನೂರು ಕಿಲೋಮೀಟರ್ ಕೂಡ ಇಲ್ಲ, ಅದೂ ಇಳಿಜಾರು. ಬೇಗ ಕುಡಿಯುವ ನೆಲ ಬೇಗ ಬಿಟ್ಟೂ ಬಿಡುತ್ತದೆ. ಬುಟ್ಟಿಯಲ್ಲಿ ನೀರು ಹಿಡಿದ ಹಾಗೆ.

ಈ ಕಾರಣಕ್ಕೇ ಇಂಗುಗುಂಡಿಯ ಬಗ್ಗೆ ನನಗೂ ಉತ್ಸಾಹಿ ಗೆಳೆಯರಿಗೂ ಜಗಳ. ಬಯಲುಸೀಮೆಯಲ್ಲಿ ಬಂಗಾರದಂಥ ಉಪಾಯ ಅದು. ಇಲ್ಲಿ ಜುಲೈಯಲ್ಲಿ ನೆಲದ ಹೊಟ್ಟೆ ಆಗಲೇ ತುಂಬಿರುತ್ತದೆ, ಉಂಡವನಿಗೆ ಮತ್ತೆ ಬಡಿಸಿ ಏನು ಪ್ರಯೋಜನ? ಇಳಿಜಾರಿನ ಗುಡ್ಡೆಯಲ್ಲಿ, ಅಡಿಯಲ್ಲಿ ಶೇಡಿ ಇರುವ ಕಡೆ, ಸಾಲು ಸಾಲು ಗುಂಡಿ ತೋಡಿದರೆ ಗುಡ್ಡೆಯೇ ಜಾರುವ ಭಯವೂ ಇದೆ. ನಮಗೆ ಬೇಕಾದದ್ದು ಮಳೆ ಬಿಟ್ಟ ಮೇಲೆ ಹಿಡಿದಿಡುವ ಕೆಲಸ. ನಮ್ಮ ಹಿರಿಯರು ನವೆಂಬರ್, ಡಿಸೆಂಬರಿನಲ್ಲಿ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಹರಿವ ನೀರು ನಿಂತರೆ ಅಕ್ಕಪಕ್ಕದ ಬಾವಿಗಳ ನೀರು ಹೊರಗೆ ಸೋರುವುದು ನಿಧಾನವಾಗುತ್ತದೆ. ಈಗ ಊರೂರಿಗೆ ಕಿಂಡಿ ಅಣೆಕಟ್ಟು ಇದೆ, ಕಿಂಡಿಗೆ ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ. ಹಲಗೆ ಹಾಕುವುದು ಮಾತ್ರ ಕೆಲವು ಕಡೆ ತೋಡು ಒಣಗಿದ ಮೇಲೆ!

ತೆಂಗಿನಕಾಯಿಯನ್ನು ಒಪ್ಪದವನು ಅಂತ ನನ್ನ ಮೇಲೆ ಒಂದು ದೂರು ಇದೆ, ಹಿರಿಯರ ಜ್ಞಾನಕ್ಕೆ ಬೆಲೆ ಕೊಡುವುದಿಲ್ಲ ಅಂತ. ಕಟ್ಟವೂ ಹಿರಿಯರದ್ದೇ, ನೀರಿಗಾಗಿ ಗುಡ್ಡೆಗೆ ಅಡ್ಡಡ್ಡ ಕೊರೆಯುವ ಸುರಂಗವೂ ಹಿರಿಯರದ್ದೇ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಗೆ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಮೊದಮೊದಲು ಕೊರೆದ ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಕೊರೆದವರು ಅವರು. ನನ್ನ ಓದಿಗಿಂತ ಆ ಗುದ್ದಲಿಗೆ ಗುಡ್ಡೆಯ ಒಳಗು ಜಾಸ್ತಿ ಗೊತ್ತು.

ಇನ್ನು ಬೋರ್. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಬೋರ್ ಗಾಡಿ ಅಂಗಳಕ್ಕೆ ಬಂದು ನಿಂತ ಮೇಲೆ ನನ್ನ ಮಾತು ಯಾರಿಗೂ ಕೇಳಿಸುವುದಿಲ್ಲ, ಆ ಸದ್ದಿಗೂ ಹೌದು, ಬೇರೆ ಕಾರಣಕ್ಕೂ ಹೌದು. ಬೋರ್ ಮುರಕಲ್ಲು, ಶೇಡಿ ಎರಡನ್ನೂ ದಾಟಿ ಬಂಡೆಗೆ ಇಳಿಯುತ್ತದೆ. ಮೇಲಿನ ಮಣ್ಣು ಕುಸಿಯದ ಹಾಗೆ ಬಂಡೆಯ ತನಕ ಕೇಸಿಂಗ್ ಪೈಪ್. ಬಂಡೆಗೆ ಮುರಕಲ್ಲಿನ ಹಾಗೆ ತೂತಿಲ್ಲ. ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಬರೀ ಕಲ್ಲಿನ ಪುಡಿ. 300 ಅಡಿಗೆ ಸಿಗದಿದ್ದರೆ "ಇನ್ನೊಂದು ನೂರು ಹೋಗಲಿ" ಅನ್ನುತ್ತಾರೆ. ಕೆಳಗೆ ಹೋದಷ್ಟು ನೀರು ಜಾಸ್ತಿ ಅನ್ನುವ ನಂಬಿಕೆ. ಆಗುವುದು ಹೆಚ್ಚಾಗಿ ಉಲ್ಟಾ. ಆಳಕ್ಕೆ ಹೋದ ಹಾಗೆ ಮೇಲಿನ ಭಾರಕ್ಕೆ ಬಿರುಕುಗಳು ಕಡಿಮೆಯಾಗುತ್ತವೆ, ಇದ್ದವೂ ಬಿಗಿಯುತ್ತವೆ. ಜಾಸ್ತಿಯಾಗುವುದು ಅಡಿಗಿಷ್ಟು ಅಂತ ಹಾಕುವ ಬಿಲ್ಲು.

"ಎರಡು ಇಂಚು ನೀರು ಬಿದ್ದಿದೆ" ಅಂತ ಲಾಡು ಹಂಚಿದವರು ಎರಡನೇ ಬೇಸಿಗೆಗೆ ಫೋನ್ ಮಾಡುತ್ತಾರೆ. ಕಂಪ್ರೆಸರ್ ಗಾಳಿಗೆ ಅವತ್ತು ಮೇಲೆ ಚಿಮ್ಮಿದ್ದು ಬಿರುಕಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ನೀರು. ಅದು ಬ್ಯಾಂಕಿನ ಠೇವಣಿ, ತಿಂಗಳ ಸಂಬಳ ಎಷ್ಟು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಗಂಟೆಗಟ್ಟಲೆ ಪಂಪ್ ಓಡಿಸಿ, ನಿಲ್ಲಿಸಿ, ನೀರು ಎಷ್ಟು ಹೊತ್ತಿಗೆ ಮೇಲೆ ಬರುತ್ತದೆ ಅಂತ ನೋಡಬೇಕು. ಇಷ್ಟು ವರ್ಷಗಳಲ್ಲಿ ಅದನ್ನು ತಾವಾಗಿ ಕೇಳಿದ ಮನೆಯವರು ಇಬ್ಬರೋ ಮೂವರೋ.

ನನ್ನ ಮೆಷಿನ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ನೀರನ್ನು ನೋಡುವುದಿಲ್ಲ. ನೆಲಕ್ಕೆ ನಾಲ್ಕು ಸರಳು ಹೊಡೆದು, ಎರಡರಲ್ಲಿ ಕರೆಂಟ್ ಬಿಟ್ಟು, ಉಳಿದೆರಡರಲ್ಲಿ ವೋಲ್ಟೇಜ್ ಅಳೆಯುತ್ತದೆ. ಒದ್ದೆ ಬಿರುಕು ಕರೆಂಟನ್ನು ಸುಲಭವಾಗಿ ಬಿಡುತ್ತದೆ. ಒದ್ದೆ ಶೇಡಿಯೂ ಬಿಡುತ್ತದೆ, ಉಪ್ಪು ನೀರಂತೂ ಇನ್ನೂ ಚೆನ್ನಾಗಿ ಬಿಡುತ್ತದೆ. ಯಾವುದು ಯಾವುದು ಅಂತ ಹೇಳುವುದು ನನ್ನ ಕೆಲಸ, ಅದರಲ್ಲಿ ನಾನೂ ಎಡವಿದ್ದೇನೆ. ಒಣ ಬೋರ್ ಕೊಟ್ಟ ಮನೆಗಳ ದಾರಿಯಲ್ಲಿ ಹೋಗುವಾಗ ಈಗಲೂ ಬೈಕ್ ಸ್ವಲ್ಪ ಜೋರು ಬಿಡುತ್ತೇನೆ.

ಕಡಲ ಬದಿಯವರ ತಪ್ಪು ಲೆಕ್ಕ ಬೇರೆ. ಪಡುಕೆರೆಯಂಥ ಕಡೆ, ಒಂದು ಬದಿ ಕಡಲು ಇನ್ನೊಂದು ಬದಿ ಹೊಳೆ ಇದ್ದರೂ ಮರಳಿನಲ್ಲಿ ಸ್ವಲ್ಪ ತೋಡಿದರೆ ಸಿಹಿ ನೀರು. ಸಿಹಿ ನೀರು ಹಗುರ, ಉಪ್ಪು ನೀರಿನ ಮೇಲೆ ತೇಲುತ್ತದೆ. ಬಾವಿಯ ನೀರು ಕಡಲ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಅದರ ಅಡಿಯಲ್ಲಿ ಸುಮಾರು 40 ಮೀಟರ್ ಸಿಹಿ ನೀರು ಇದೆ ಅಂತ ಲೆಕ್ಕ. ಆ 1 ಮೀಟರನ್ನು ಪಂಪ್ ಹಾಕಿ ಇಳಿಸಿದರೆ ಕೆಳಗಿನ ಉಪ್ಪು ಅಷ್ಟೇ ಪಾಲಿನಲ್ಲಿ ಮೇಲೇರುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತಿತೆಂದು ಅಲ್ಲಿ ಆಳ ಮಾಡಿಸುವುದು ಅಂದರೆ ಉಪ್ಪನ್ನು ಹುಡುಕಿಕೊಂಡು ಹೋಗುವುದು. ಕೊಡಪಾನದಲ್ಲಿ ಸೇದುತ್ತಿದ್ದಾಗ ಸಿಹಿಯಾಗಿದ್ದ ಬಾವಿ ಮೋಟಾರ್ ಇಟ್ಟ ಮೇಲೆ ಯಾಕೆ ಉಪ್ಪುಪ್ಪಾಯಿತು ಅನ್ನುವುದಕ್ಕೆ ಬೇರೆ ಉತ್ತರ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ಟಿಡಿಎಸ್ ಪೆನ್ನು ಕಂಡಾಗ. ಈಗ ಎಲ್ಲರ ಮನೆಯಲ್ಲೂ ಒಂದಿದೆ. ಅದು ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ಅಂದಾಜು ಹೇಳುತ್ತದೆ, ಅಷ್ಟೇ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 500 ಮಿಲಿಗ್ರಾಂ. ಮುರಕಲ್ಲಿನ ಬಾವಿಗಳಲ್ಲಿ ನಾನು ಸಾಮಾನ್ಯವಾಗಿ ನೋಡುವುದು ನೂರರ ಒಳಗೆ. ಇಂಥ ನೀರಿಗೆ ಲವಣ ತೆಗೆಯುವ ಆರ್‌ಒ ಫಿಲ್ಟರ್ ಮಾರುತ್ತಾರೆ, ಜನ ಕೊಳ್ಳುತ್ತಾರೆ. ಮಾರಲು ಬಂದವರು ಎರಡು ಲೋಟ ಇಟ್ಟು ಸರಳು ಮುಳುಗಿಸಿ ಕರೆಂಟ್ ಹಾಯಿಸುತ್ತಾರೆ. ಬಾವಿ ನೀರು ಕಂದು ಬಣ್ಣಕ್ಕೆ ತಿರುಗಿ ಗಸಿ ಬರುತ್ತದೆ, ಆರ್‌ಒ ನೀರು ಹಾಗೇ ಇರುತ್ತದೆ. "ನೋಡಿ ಅಕ್ಕ, ನೀವು ಕುಡಿಯುವ ಕೊಳೆ!" ಆ ಬಣ್ಣ ಬಂದದ್ದು ಅವರದ್ದೇ ಕಬ್ಬಿಣದ ಸರಳಿನಿಂದ. ಲವಣ ಇಲ್ಲದ ನೀರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಸರಳು ಕರಗುವುದಿಲ್ಲ. ಆರ್‌ಒ ಮಾತ್ರ ಸಾಮಾನ್ಯವಾಗಿ ಒಂದು ಲೀಟರ್ ಕೊಡಲು ಅದಕ್ಕಿಂತ ಜಾಸ್ತಿ ನೀರನ್ನು ಚರಂಡಿಗೆ ಬಿಡುತ್ತದೆ, ಅದೂ ಏಪ್ರಿಲ್‌ನಲ್ಲಿ.

ಟಿಡಿಎಸ್ 40 ಇದೆ ಅಂತ ಸಂತೋಷಪಟ್ಟ ಮನೆಯ ಬಾವಿಯಲ್ಲೇ ಮಲದ ರೋಗಾಣು ಸಿಕ್ಕಿದ್ದುಂಟು. ಪೆನ್ನಿಗೆ ರೋಗಾಣು ಕಾಣುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. "ಮಣ್ಣು ಸೋಸುತ್ತದಲ್ಲ" ಅನ್ನುತ್ತಾರೆ. ಮಣ್ಣು ಸೋಸುತ್ತದೆ, ನೀರ್‌ದೋಸೆ ಸೋಸುವುದಿಲ್ಲ. ಬಾವಿಗೂ ಶೌಚದ ಗುಂಡಿಗೂ 50 ಅಡಿ ಅಂತರ ಬೇಕು ಅಂತ ಹೇಳುತ್ತೇವೆ. 5 ಸೆಂಟ್ಸ್ ಚೌಕ ಸೈಟಿನ ಒಂದು ಬದಿಯೇ 47 ಅಡಿ ಬರುವುದಿಲ್ಲ! ನಿಮ್ಮ ಗುಂಡಿ ದೂರ ಇದ್ದರೆ ಪಕ್ಕದ ಮನೆಯದ್ದು ನಿಮ್ಮ ಬಾವಿಗೆ ಹತ್ತಿರ. ಪರೀಕ್ಷೆ ದೊಡ್ಡ ಖರ್ಚಲ್ಲ. ಒಳಗೆ ಮದ್ದು ಹಾಕಿರುವ ಒಂದು ಚಿಕ್ಕ ಪರೀಕ್ಷೆಯ ಬಾಟಲಿ (ಎಚ್2ಎಸ್ ಬಾಟಲಿ), ಅದರಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟರೆ ಕೆಟ್ಟ ನೀರು ಕಪ್ಪಾಗುತ್ತದೆ. ಮೊದಲ ಮಳೆ ಆದ ಮೇಲೆ ಒಮ್ಮೆ ಮಾಡಿ. ಕಪ್ಪಾದರೆ ಕುದಿಸಿ ಕುಡಿಯಿರಿ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ. ಆರ್‌ಒ ಕಂತಿನ ದುಡ್ಡು ಉಳಿಯುತ್ತದೆ.

ಈ ಮಾರ್ಚ್‌ನಲ್ಲಿ ಕಾಪು ಹತ್ತಿರ ಒಬ್ಬರು ನಿವೃತ್ತ ಬ್ಯಾಂಕ್ ನೌಕರರು ಕರೆದಿದ್ದರು. ಪಂಪ್ ಶೆಡ್ಡಿನ ಗೋಡೆಯಲ್ಲಿ ಮಸಿಯಲ್ಲಿ ಬರೆದ ಒಂದು ಪಟ್ಟಿ ಕಂಡಿತು. ಅವರ ತಂದೆ ಶುರು ಮಾಡಿದ್ದಂತೆ. ಪ್ರತಿ ವರ್ಷ ಪತ್ತನಾಜೆಯ ದಿನ, ಅಂದರೆ ತುಳುನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಬರುವ ಆಚರಣೆಯ ದಿನ, ಹಗ್ಗ ಇಳಿಸಿ, ಬಾವಿಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಅಂತ ಬರೆಯುವುದು. ಮೇ ತಿಂಗಳ ಕೊನೆ, ಬಾವಿ ಅತಿ ಕೆಳಗಿರುವ ಹೊತ್ತು. ನಾನು ಓದುವ ಕಾಲದಲ್ಲಿ ಇಂಥ ಒಂದು ಪಟ್ಟಿಗಾಗಿ ಎಷ್ಟು ಕಚೇರಿ ಅಲೆದಿದ್ದೆನೋ. 22, 21, 22, 23, ಮತ್ತೆ 22. ಹೀಗೆ ಉದ್ದಕ್ಕೆ ಸಾಗಿದ ಸಾಲು ಒಂದು ಕಡೆ 26ಕ್ಕೆ ಹಾರಿತ್ತು. ಆಮೇಲೆ 27, 29. ಮತ್ತೆ ಮೇಲೆ ಬಂದೇ ಇಲ್ಲ.

ಮನೆಯ ಎದುರು ಮೊದಲು ಏಣೆಲು (ಮಳೆಗಾಲದ ಭತ್ತ), ಸುಗ್ಗಿ (ಅದರ ನಂತರದ ಎರಡನೇ ಬೆಳೆ) ಎರಡೂ ಬೆಳೆಯುತ್ತಿದ್ದ ಗದ್ದೆ ಇತ್ತಂತೆ. ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡಿದ್ದ ಗದ್ದೆ. ಈಗ ಅಲ್ಲಿ ಹಿಂದಿನ ಗುಡ್ಡೆ ಕಡಿದು ತಂದ ಕೆಂಪು ಮಣ್ಣು, ಇಂಟರ್‌ಲಾಕ್ ಹಾಸಿದ ರಸ್ತೆ, ಹದಿನೆಂಟು ಸೈಟು. ಅದನ್ನು ತುಂಬಿಸಿದ್ದು ಯಾವ ವರ್ಷ ಅಂತ ನಾನು ಕೇಳಲು ಹೋಗಲಿಲ್ಲ.

"ಹಾಗಾದ್ರೆ ಪಾಯಿಂಟ್ ಎಲ್ಲಿ ಸರ್?" ಅಂದರು ಅವರು. ನಾನು ಮೊಬೈಲ್ ತೆಗೆದು ಗೋಡೆಯ ಫೋಟೋ ಹೊಡೆದುಕೊಂಡೆ.