ಮಧುಮೇಹ ಸಂಶೋಧನೆ: ಹಣ ಕೊಡುವವರು ಮತ್ತು ಕೇಳಲಾಗುವ ಪ್ರಶ್ನೆಗಳು

ಸಮುದಾಯ ಆರೋಗ್ಯದ ಪಠ್ಯದಲ್ಲಿ ಸಂಶೋಧನೆಯ ಅನುದಾನಕ್ಕೆ ಸಿಗುವುದು ಅರ್ಧ ಪುಟ. ಧಾರವಾಡದ ನಮ್ಮ ಓದುಗುಂಪಿನಲ್ಲಿ ಅದನ್ನು ಎರಡು ವಾರ ಎಳೆದಾಡಿದೆವು. ಹಣ ಯಾರಿಂದ ಬರುತ್ತದೆ ಎಂಬುದರ ಮೇಲೆಯೇ ಮಧುಮೇಹದ ಬಗ್ಗೆ ಯಾವ ಪ್ರಶ್ನೆ ಕೇಳಲಾಗುತ್ತದೆ, ಯಾವುದು ಉಳಿದುಹೋಗುತ್ತದೆ ಎಂಬುದು ಬಹುಮಟ್ಟಿಗೆ ನಿಂತಿದೆ ಎಂಬುದೇ ಈ ಟಿಪ್ಪಣಿಯ ಎಳೆ.

ಚಿಕಿತ್ಸೆಯಿಂದ ಆರಂಭಿಸೋಣ. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕೆಲಸ ಕೈಗೊಂಡರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಹೆಚ್ಚೇನೂ ಫಲ ಕೊಡಲಿಲ್ಲ, ತಂಡದ ಜೀವರಸಾಯನ ತಜ್ಞ ಕಾಲಿಪ್ ಶುದ್ಧಗೊಳಿಸಿದ ಮೇದೋಜೀರಕ ಗ್ರಂಥಿಯ ಸಾರ ಅದೇ ತಿಂಗಳ ಕೊನೆಗೆ ಕೆಲಸ ಮಾಡಿತು. ಪೇಟೆಂಟನ್ನು ಅವರು ತಲಾ 1 ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟದ್ದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ದೊಡ್ಡ ಪ್ರಮಾಣದಲ್ಲಿ ತಯಾರಿಸಲು 1922ರಲ್ಲೇ ಅಮೆರಿಕದ ಔಷಧ ತಯಾರಕ ಎಲಿ ಲಿಲ್ಲಿ ಕಂಪನಿಯ ಕೈ ಹಿಡಿಯಬೇಕಾಯಿತು ಎಂಬುದನ್ನು ಉತ್ತರ ಪತ್ರಿಕೆಯಲ್ಲಿ ಬಿಡಬೇಡಿ.

ಮಾರಾಟವಾಗುವ ಹೊಸ ಔಷಧಿಗೆ ಕಂಪನಿ ಹಣ ಹೂಡುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ತೊಡಕಿರುವುದು ಹಳೆಯ, ಅಗ್ಗದ ಔಷಧಿಯ ವಿಷಯದಲ್ಲಿ. ಮೆಟ್‌ಫಾರ್ಮಿನ್ 1957ರಿಂದಲೇ ಬಳಕೆಯಲ್ಲಿದ್ದರೂ, ತೂಕ ಹೆಚ್ಚಿರುವ ಮಧುಮೇಹಿಗಳಲ್ಲಿ ಅದು ಸಾವನ್ನು ತಗ್ಗಿಸಬಲ್ಲದು ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 1998ರಲ್ಲಿ, ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 5,102 ರೋಗಿಗಳನ್ನು ಒಳಗೊಂಡ ಅಧ್ಯಯನದಿಂದ. ಇಷ್ಟು ದೀರ್ಘ ಕೆಲಸ ನಿಂತದ್ದು ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ ಹಲವರ ಹಣ ಕೂಡಿದ್ದರಿಂದ.

ತಡೆಗಟ್ಟುವಿಕೆಯನ್ನಂತೂ ಬಾಟಲಿಯಲ್ಲಿ ತುಂಬಿ ಮಾರಲಾಗದು. ಅಮೆರಿಕದ ಸರ್ಕಾರಿ ಹಣದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರಿಗೆ ಆಹಾರ ನಿಯಂತ್ರಣ ಮತ್ತು ವ್ಯಾಯಾಮದಿಂದ ಅಪಾಯ ಶೇ 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್‌ನಿಂದ ಶೇ 31ರಷ್ಟು. ನಮ್ಮಲ್ಲಿ ಹಲವರು ಈ ಅಂಕಿಯನ್ನು ಹಾಗೆಯೇ ಬರೆಯುತ್ತಾರೆ. ಚೆನ್ನೈಯಲ್ಲಿ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವೇ ಅಂಕಿಗಳು ಶೇ 28.5 ಮತ್ತು ಶೇ 26.4, ಅಲ್ಲಿ ಸಾಮಾನ್ಯ ಸಲಹೆಯನ್ನಷ್ಟೇ ಪಡೆದ ಗುಂಪಿನಲ್ಲಿ ಮೂರು ವರ್ಷದೊಳಗೆ ಶೇ 55ರಷ್ಟು ಜನ ಮಧುಮೇಹಿಗಳಾದರು. ಪರದೇಶದ ಫಲಿತಾಂಶವನ್ನು ಎರವಲು ತಂದು ಇಲ್ಲಿನ ಯೋಜನೆ ಕಟ್ಟಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಂಡಿಲ್ಲ.

ಕಾರಣಗಳ ಹುಡುಕಾಟಕ್ಕೆ ಬೇಕಾಗುವುದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆಯ ಹಣ. ಪುಣೆಯ ಸುತ್ತಲ ಹಳ್ಳಿಗಳಲ್ಲಿ 1993ರಿಂದ ತಾಯಂದಿರನ್ನೂ ಮಕ್ಕಳನ್ನೂ ಹಿಂಬಾಲಿಸಿದ ಡಾ. ಯಾಜ್ಞಿಕ್ ಅವರ ತಂಡ, ಅಲ್ಲಿನ ಶಿಶುಗಳು ಸರಾಸರಿ 2.7 ಕಿಲೋ ತೂಗಿದರೂ ಚರ್ಮದಡಿಯ ಕೊಬ್ಬು ಅದಕ್ಕೆ ತಕ್ಕಂತೆ ಕಡಿಮೆಯಿಲ್ಲವೆಂದು ಕಂಡುಕೊಂಡಿತು. ಮುಂದೆ ಬರುವ ಮಧುಮೇಹದ ಬೇರು ಇಲ್ಲಿಯೇ ಇರಬಹುದೆಂಬುದು ತಂಡದ ಊಹೆ. ಈ ಕೆಲಸಕ್ಕೆ ಬ್ರಿಟನ್ನಿನ ದತ್ತಿಸಂಸ್ಥೆ ವೆಲ್‌ಕಮ್ ಟ್ರಸ್ಟ್ ನೆರವಾಯಿತು. ಮೂರು ವರ್ಷದ ಅನುದಾನ ನೆಚ್ಚಿಕೊಂಡಿದ್ದರೆ ಮಗು ಶಾಲೆ ಸೇರುವ ಮೊದಲೇ ಲೆಕ್ಕ ಮುಚ್ಚಬೇಕಾಗುತ್ತಿತ್ತು. ರೋಗದ ವ್ಯಾಪ್ತಿ ಅಳೆಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹಣದಲ್ಲಿ 1,13,043 ಜನರ ಸಮೀಕ್ಷೆ ನಡೆದು, ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂಬ ಅಂದಾಜು 2023ರಲ್ಲಿ ಹೊರಬಂತು.

ಇನ್ನು ಆರೈಕೆ. ಇಲ್ಲಿ ನಮ್ಮ ಸೀಮೆಯನ್ನೇ ನೋಡಬೇಕು. ನರಗುಂದ, ರೋಣದ ಎರೆಹೊಲದಲ್ಲಿ ಮಳೆ ಬಿದ್ದ ಮೇಲೆ ಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಎತ್ತಲಾಗದು. ರೈತರು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಇಳಿಯುತ್ತಾರೆ. ಮಧುಮೇಹದಿಂದ ಪಾದದ ಸ್ಪರ್ಶ ಹೋದವರಿಗೆ ಜಾಲಿಮುಳ್ಳು ಮುರಿದು ಒಳಗುಳಿದರೂ ನೋವಾಗದು, ಕೀವು ಕಟ್ಟಿದ ಮೇಲೆಯೇ ತಿಳಿಯುವುದು. ಸ್ಪರ್ಶ ಉಳಿದಿದೆಯೇ ಎಂದು ನೋಡಲು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದು ಸಾಕು. ಇಂಥ ಪಾದಗಳಿಗೆ ವೈದ್ಯರು ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿ ಬರೆದುಕೊಡುತ್ತಾರೆ, ಆದರೆ ಮೆತ್ತನೆಯ ಆ ಚಪ್ಪಲಿ ಹಸಿ ಎರೆಯಲ್ಲಿ ಎಷ್ಟು ಹೊತ್ತು ಕಾಲಲ್ಲಿ ಉಳಿದೀತು? ಇದು ಅಪ್ಪಟ ಸಂಶೋಧನಾ ಪ್ರಶ್ನೆ. ಔಷಧ ಕಂಪನಿಗೆ ಇದರಿಂದ ದಕ್ಕುವುದೇನೂ ಇಲ್ಲವಾದ್ದರಿಂದ ಸಾರ್ವಜನಿಕ ಹಣವೋ ದಾನಿಗಳ ಹಣವೋ ಬರಬೇಕು.

ಅಭ್ಯಾಸಕ್ಕೆಂದು ಇದೇ ಪ್ರಶ್ನೆಯ ಮೇಲೆ ಒಂದು ಪ್ರಸ್ತಾವನೆ ಬರೆದೆವು. ಸಿಬ್ಬಂದಿ ವೇತನ, ಉಪಕರಣ, ಬಳಕೆ ಸಾಮಗ್ರಿ, ಪ್ರಯಾಣ, ಸಾದಿಲ್ವಾರು ಎಂಬ ಶೀರ್ಷಿಕೆಗಳು ಮಾಮೂಲು. ಕೇಂದ್ರ ಸರ್ಕಾರದ ಅನುದಾನವಾದರೆ ವರ್ಷದ ಕೊನೆಗೆ 12-ಎ ನಮೂನೆಯಲ್ಲಿ ಹಣ ಬಳಕೆಯ ಪ್ರಮಾಣಪತ್ರ ಕೊಡಬೇಕೆಂಬುದನ್ನೂ ನೆನಪಿಡಿ. ಚಪ್ಪಲಿಯೇ ದೊಡ್ಡ ಖರ್ಚೆಂದು ಎಣಿಸಿದ್ದೆವು, ಕೂಡಿ ನೋಡಿದರೆ ತಿಂಗಳಿಗೊಮ್ಮೆ ಮನೆಗೆ ಹೋಗಿ ಪಾದ ನೋಡುವ ಕಾರ್ಯಕರ್ತೆಯ ಎರಡು ವರ್ಷದ ವೇತನವೇ ಮಿಕ್ಕೆಲ್ಲವನ್ನೂ ಮೀರಿಸಿತು. ಪ್ರಯಾಣಕ್ಕೆ ನಾವು ಒಟ್ಟಾರೆ ಒಂದು ಮೊತ್ತ ಹಾಕಿದ್ದೆವು. ಗುಂಪಿನ ಹಿರಿಯರೊಬ್ಬರು ಅದರ ಮೇಲೆ ಗೀಟು ಎಳೆದು, ಎಷ್ಟು ಹಳ್ಳಿ, ದಿನಕ್ಕೆ ಎಷ್ಟು ಬಸ್ಸು, ಕೊನೆಯ ಬಸ್ಸು ತಪ್ಪಿದರೆ ಆಕೆ ಹೇಗೆ ಮರಳುತ್ತಾಳೆ ಎಂದು ಅಂಚಿನಲ್ಲಿ ಬರೆದರು. ಆ ಪುಟವನ್ನು ಈಗ ಮತ್ತೆ ಬರೆಯುತ್ತಿದ್ದೇವೆ.