ತುಕ್ಕು ಹಿಡಿದ ತೂಬು: ಇನ್ಸುಲಿನ್ ಪ್ರತಿರೋಧದ ಅಧ್ಯಯನ ಟಿಪ್ಪಣಿ

ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಈ ವಿಷಯ ಬೇಗ ತಲೆಗೆ ಹೋಗುತ್ತದೆ. ಕಾಲುವೆಯಲ್ಲಿ ನೀರಿದೆ, ಹೊಲ ಒಣಗಿದೆ, ನಡುವಿನ ತೂಬಿನ ಗೇಟಿಗೆ ತುಕ್ಕು ಹಿಡಿದಿದೆ. ಮೊದಲು ಒಬ್ಬ ನೀರಗಂಟಿ ಎತ್ತುತ್ತಿದ್ದ ಗೇಟಿಗೆ ಈಗ ನಾಲ್ವರು ಬೇಕು. ರಕ್ತದಲ್ಲಿರುವ ಸಕ್ಕರೆಯೇ ನೀರು, ದೇಹದ ಕೋಶಗಳೇ ಹೊಲ, ಇನ್ಸುಲಿನ್ ನೀರಗಂಟಿ, ಗೇಟಿನ ತುಕ್ಕೇ ಇನ್ಸುಲಿನ್ ಪ್ರತಿರೋಧ. ನಾಲ್ವರು ಕೂಡಿ ಗೇಟು ಎತ್ತುತ್ತಿರುವಷ್ಟು ದಿನ ಕಾಲುವೆಯ ಮಟ್ಟ ಏರುವುದಿಲ್ಲ, ಶುಗರ್ ರಿಪೋರ್ಟಿನಲ್ಲಿ 'ನಾರ್ಮಲ್' ಅಂತಲೇ ಬರುತ್ತದೆ. ಇನ್ಸುಲಿನ್ ತಯಾರಿಸುವ ಮೇದೋಜೀರಕದ ಬೀಟಾ ಕೋಶಗಳು ವರ್ಷಗಟ್ಟಲೆ ಹೆಚ್ಚುವರಿ ಆಳು ಕಳಿಸಿ ಕಳಿಸಿ ದಣಿದ ಮೇಲಷ್ಟೇ ಮಟ್ಟ ಮೇಲೇರುತ್ತದೆ. ಅಲ್ಲಿಂದಾಚೆಗೆ ಅದರ ಹೆಸರು ಸಕ್ಕರೆ ಕಾಯಿಲೆ.

ಹೋಲಿಕೆ ಇಷ್ಟಕ್ಕೇ ಸಾಕು. ದೇಹದಲ್ಲಿ ಕೆಡುವುದು ಒಂದು ಜಾಗವಲ್ಲ, ಮೂರು. ಸ್ನಾಯುವಿನಲ್ಲಿ ಇನ್ಸುಲಿನ್ ಬಂದು ತಟ್ಟಿದಾಗ ಗ್ಲುಟ್-4 ಎಂಬ ಸಾಗಣೆ ಪ್ರೋಟೀನು ಕೋಶದ ಒಳಗಿಂದ ಮೇಲ್ಮೈಗೆ ಬಂದು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಬೇಕು. ಸ್ನಾಯುಕೋಶದೊಳಗೆ ಕೊಬ್ಬಿನ ತುಣುಕುಗಳು ಸೇರಿದ್ದರೆ ಆ ಸಂದೇಶ ನಡುದಾರಿಯಲ್ಲೇ ಕುಗ್ಗುತ್ತದೆ. ಲಿವರ್ ರಾತ್ರಿಯಿಡೀ ಸಕ್ಕರೆ ತಯಾರಿಸುತ್ತದೆ. ಇನ್ಸುಲಿನ್ 'ಸಾಕು' ಅಂದರೂ ಕೊಬ್ಬು ತುಂಬಿದ ಲಿವರ್ ನಿಲ್ಲಿಸುವುದಿಲ್ಲ. ರಾತ್ರಿ ಏನೂ ತಿನ್ನದೆ ಮಲಗಿದವರಿಗೂ ಬೆಳಗಿನ ಶುಗರ್ ಹೆಚ್ಚು ಬರುವುದು ಇದರಿಂದಲೇ. ಮೂರನೆಯದು ಕೊಬ್ಬಿನ ಅಂಗಾಂಶ. ಊಟದ ನಂತರ ಅದು ಕೊಬ್ಬನ್ನು ಹಿಡಿದಿಟ್ಟುಕೊಳ್ಳಬೇಕು, ಹಿಡಿಯಲಾಗದೆ ರಕ್ತಕ್ಕೆ ಬಿಡುತ್ತದೆ. ಆ ಕೊಬ್ಬು ಹೋಗಿ ಕೂರುವುದು ಮತ್ತೆ ಲಿವರ್, ಸ್ನಾಯುಗಳಲ್ಲೇ.

ಓದುವಾಗ ಪ್ರತಿ ಉಪಾಯಕ್ಕೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು ಯಾವ ಅಂಗಕ್ಕೆ? ಊಟ, ನಡಿಗೆ, ಮಾತ್ರೆ ಒಂದಕ್ಕೊಂದು ಬದಲಿ ಯಾಕಲ್ಲ ಎನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಗುರುತಿಸುವುದು

ತಕ್ಕಡಿಗಿಂತ ಟೇಪು ಮುಖ್ಯ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುಮಧ್ಯೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಪ್ಯಾಂಟಿನ ಸೈಜು, ಸೀರೆಯ ಗಂಟು ಕಟ್ಟುವ ಜಾಗ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಜನಕ್ಕೆ ಗಡಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80. ಬಿಎಂಐ (ಕಿಲೋ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದ್ದು) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಗೆ ಮಖಮಲ್ಲಿನಂತೆ ದಪ್ಪವಾದ ಚರ್ಮ ಕಂಡರೆ ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಹೆಚ್ಚಿದ ಇನ್ಸುಲಿನ್ನಿನ ಗುರುತು ಅದು.

ಖಾಲಿ ಹೊಟ್ಟೆಯ ಶುಗರ್ 100ರಿಂದ 125 ಮಿ.ಗ್ರಾಂ/ಡಿ.ಎಲ್., ಅಥವಾ ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಹೆಚ್‌ಬಿಎ1ಸಿ ಶೇ. 5.7ರಿಂದ 6.4 ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಕಾಯಿಲೆಯ ಹೊಸ್ತಿಲು. 126 ಅಥವಾ 6.5 ಮುಟ್ಟಿದರೆ ಡಯಾಬಿಟಿಸ್. ಲಕ್ಷಣವಿಲ್ಲದವರಲ್ಲಿ ಇನ್ನೊಮ್ಮೆ ಪರೀಕ್ಷಿಸದೆ ಹಣೆಪಟ್ಟಿ ಹಚ್ಚಬಾರದು. ಪ್ರತಿರೋಧದ ಅಂದಾಜಿಗೆ ಹೋಮಾ-ಐಆರ್ ಲೆಕ್ಕವಿದೆ: ಖಾಲಿ ಹೊಟ್ಟೆಯ ಶುಗರನ್ನು ಖಾಲಿ ಹೊಟ್ಟೆಯ ಇನ್ಸುಲಿನ್ನಿನಿಂದ ಗುಣಿಸಿ 405ರಿಂದ ಭಾಗಿಸುವುದು. ಶುಗರ್ 98, ಇನ್ಸುಲಿನ್ 17 (ಮೈಕ್ರೋಯೂನಿಟ್/ಮಿ.ಲೀ.) ಇದ್ದರೆ 1666 ÷ 405, ಅಂದರೆ 4.1. ಎಲ್ಲರೂ ಒಪ್ಪಿದ ಒಂದೇ ಗಡಿ ಇಲ್ಲದಿದ್ದರೂ 2.5ರ ಮೇಲೆ ಬಂದರೆ ಗಮನ ಕೊಡಬೇಕು. ಈ ಉದಾಹರಣೆಯಲ್ಲಿ ಶುಗರ್ ಪೂರ್ತಿ 'ನಾರ್ಮಲ್' ಇದೆ, ನೋಡಿ. ನಾಲ್ವರು ನೀರಗಂಟಿಗಳು ಅಂದದ್ದು ಇದನ್ನೇ.

ಇಲ್ಲಿ ಪರೀಕ್ಷೆಯಲ್ಲಿ ಯಾರೂ ಕೇಳದ, ಆದರೆ ಕೆಲಸದಲ್ಲಿ ಕಾಡುವ ಒಂದು ತಪ್ಪಿದೆ. ದೇವದುರ್ಗದಲ್ಲೋ ಕುಷ್ಟಗಿಯಲ್ಲೋ ತೆಗೆದ ರಕ್ತ ದೂರದ ಊರಿನ ಲ್ಯಾಬಿಗೆ ಬಸ್ಸಿನಲ್ಲಿ ಹೋಗುತ್ತದೆ ಅನ್ನಿ. ಫ್ಲೋರೈಡ್ ಇಲ್ಲದ ಟ್ಯೂಬಿನಲ್ಲಿ ರಕ್ತಕಣಗಳೇ ಸಕ್ಕರೆ ತಿನ್ನುತ್ತ ಹೋಗುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. ಸೆಕೆಗೆ ಅದು ಇನ್ನೂ ಚುರುಕು. ಕುಲುಕಾಟಕ್ಕೆ ಕೆಂಪುಕಣ ಒಡೆದರೆ ಅದರೊಳಗಿನ ಕಿಣ್ವ ಇನ್ಸುಲಿನ್ನನ್ನೂ ಕೆಡಿಸುತ್ತದೆ. ಎರಡೂ ಸುಳ್ಳೇ ಕಡಿಮೆಯಾಗಿ, ರಿಪೋರ್ಟು ಚಂದ ಬರುತ್ತದೆ. ಶುಗರಿಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬು ಬೇಕು. ಇನ್ಸುಲಿನ್ನಿಗಾದರೆ ಬೇಗ ಸೀರಂ (ರಕ್ತಕಣ ತೆಗೆದ ತಿಳಿ ದ್ರವ) ಬೇರ್ಪಡಿಸಿ ತಣ್ಣಗೆ ಕಳಿಸಬೇಕು. ಹೆಚ್‌ಬಿಎ1ಸಿಗೆ ಬೇರೆಯದೇ ತಕರಾರು: ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹೆಂಗಸರ ರಿಪೋರ್ಟು ಓದುವಾಗ ಪಕ್ಕದಲ್ಲಿ ಹಿಮೋಗ್ಲೋಬಿನ್ ಇಟ್ಟುಕೊಂಡೇ ಓದಿ.

ತಾಟಿನ ಲೆಕ್ಕ

'ಅನ್ನ ಬಿಡು, ರೊಟ್ಟಿ ತಿನ್ನು' ಎಂಬ ಸಲಹೆ ರಾಯಚೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಪಿಷ್ಟ, 10 ಗ್ರಾಂ ನಾರು, 10 ಗ್ರಾಂ ಪ್ರೋಟೀನು. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 78 ಗ್ರಾಂ ಪಿಷ್ಟ, 3 ಗ್ರಾಂ ನಾರು, 8 ಗ್ರಾಂ ಪ್ರೋಟೀನು. ನಾರಿನಲ್ಲಿ ಜೋಳ ಗೆದ್ದಿತು, ಪಿಷ್ಟದಲ್ಲಿ ಅಂಥ ಅಂತರವಿಲ್ಲ. 50 ಗ್ರಾಂ ಹಿಟ್ಟಿನ ಒಂದು ಬಡಿದ ರೊಟ್ಟಿ ಅಂದರೆ 34 ಗ್ರಾಂ ಪಿಷ್ಟ, ಮೂರಾದರೆ 100 ದಾಟಿತು. ಖಡಕ್ ರೊಟ್ಟಿಯಲ್ಲಿ ಮೋಸ ಜಾಸ್ತಿ: ತೆಳ್ಳಗೆ, ಹಗುರ, ಮುರಿದು ಮುರಿದು ತಿನ್ನುತ್ತ ಎಷ್ಟಾಯಿತು ಅನ್ನುವುದೇ ತಿಳಿಯುವುದಿಲ್ಲ. ಹಿಟ್ಟನ್ನು ಒಮ್ಮೆ ತೂಕ ಮಾಡಿ, ಆ ಮನೆಯಲ್ಲಿ ಒಂದು ಕಿಲೋಗೆ ಎಷ್ಟು ರೊಟ್ಟಿ ಆಗುತ್ತವೆ ಎಂದು ಎಣಿಸಿದರೆ ಒಂದರ ಲೆಕ್ಕ ಸಿಗುತ್ತದೆ.

ನಿಜವಾದ ಪೆಟ್ಟು ಬೀಳುವುದು ರೊಟ್ಟಿಯಿಂದಲೂ ಅಲ್ಲ, ಅನ್ನದಿಂದಲೂ ಅಲ್ಲ. ರೊಟ್ಟಿ ಆದ ಮೇಲೆ ಬಡಿಸುವ ಅನ್ನದಿಂದ. ಎರಡು ರೊಟ್ಟಿ ಉಂಡು, 'ಊಟ ಮುಗಿದಂಗಾಗಲಿಲ್ಲ' ಎಂದು 200 ಗ್ರಾಂ ಅನ್ನ ಸಾರು ಹಾಕಿಸಿಕೊಂಡರೆ 50 ಗ್ರಾಮಿಗಿಂತ ಹೆಚ್ಚು ಪಿಷ್ಟ ಮೇಲೆ ಬಿತ್ತು. ಗಂಗಾವತಿ, ಸಿಂಧನೂರು ಕಡೆ ಗದ್ದೆಯ ಅಕ್ಕಿ ಮನೆಯಲ್ಲೇ ಇರುತ್ತದೆ, ಜೊತೆಗೆ ರೇಷನ್ ಅಕ್ಕಿ. ಪೂರ್ತಿ ಬಿಡಿ ಅಂದರೆ ಯಾರೂ ಬಿಡುವುದಿಲ್ಲ. ಒಂದು ಹೊತ್ತಿಗೆ ರೊಟ್ಟಿ ಇಲ್ಲವೇ ಅನ್ನ, ಎರಡೂ ಬೇಡ. ಈ ಒಂದು ನಿಯಮ ನಡೆಸಿಕೊಳ್ಳುವವರು ಹೆಚ್ಚು.

ಉಣ್ಣುವ ಕ್ರಮಕ್ಕೂ ಬೆಲೆಯಿದೆ. ಮೊದಲು ಸೌತೆ, ಮೂಲಂಗಿ, ಮೆಂತೆ ಸೊಪ್ಪಿನ ಪಚಡಿ, ಆಮೇಲೆ ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಇಲ್ಲವೇ ಮೊಟ್ಟೆ, ರೊಟ್ಟಿ ಕೊನೆಗೆ. ಅದೇ ಊಟ, ಅದೇ ಪ್ರಮಾಣ, ಆದರೂ ಊಟದ ನಂತರದ ಶುಗರ್ ಅಷ್ಟು ಎತ್ತರ ಹೋಗುವುದಿಲ್ಲ. ನಾರು ಮತ್ತು ಪ್ರೋಟೀನು ಹೊಟ್ಟೆ ಖಾಲಿಯಾಗುವ ವೇಗ ತಗ್ಗಿಸುತ್ತವೆ. 30 ಗ್ರಾಂ ಒಣ ಕಾಳಿಗೆ 7 ಗ್ರಾಂ ಪ್ರೋಟೀನು, ಒಂದು ಮೊಟ್ಟೆಗೆ 6 ಗ್ರಾಂ. ತೂಕ ಇಳಿಸುವವರು ದಿನಕ್ಕೆ ಕಿಲೋ ತೂಕಕ್ಕೆ ಒಂದು ಗ್ರಾಮಾದರೂ ಪ್ರೋಟೀನು ಮುಟ್ಟಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ವೈದ್ಯರೇ ಹೇಳಬೇಕು.

ನಾಷ್ಟಾ ಮಾತು ಬಂದರೆ ಬಳ್ಳಾರಿಯಿಂದ ಲಿಂಗಸುಗೂರಿನವರೆಗೆ ಒಗ್ಗರಣಿ-ಮಿರ್ಚಿಯದೇ ರಾಜ್ಯ. ಮಂಡಕ್ಕಿ ಹಗುರ ಅನ್ನುವುದು ಕೈಗೆ, ರಕ್ತಕ್ಕಲ್ಲ. ಉಬ್ಬಿದ ಅಕ್ಕಿಯ ಪಿಷ್ಟ ಬಲು ಬೇಗ ಸಕ್ಕರೆಯಾಗುತ್ತದೆ. ಮಿರ್ಚಿಯಲ್ಲಿ ಮೆಣಸಿನಕಾಯಿ ನಿರಪರಾಧಿ, ತಪ್ಪು ಎಣ್ಣೆಯದು. ವಾರಕ್ಕೊಮ್ಮೆ ತಿನ್ನುವುದಾದರೆ ಮಂಡಕ್ಕಿ ಅರ್ಧ ಮಾಡಿ, ಪುಟಾಣಿ ಹಿಟ್ಟು, ಶೇಂಗಾ, ಈರುಳ್ಳಿ ಹೆಚ್ಚಿಸಿ, ಮಿರ್ಚಿ ಒಂದಕ್ಕೇ ನಿಲ್ಲಿ. ಶೇಂಗಾ ಚಟ್ನಿ ಪುಡಿ ಒಳ್ಳೆಯದೇ, ಆದರೆ ಎರಡು ದೊಡ್ಡ ಚಮಚಕ್ಕೆ 100 ಕ್ಯಾಲೊರಿ ದಾಟುತ್ತದೆ. ಅಡಿಗೆ ಎಣ್ಣೆಯನ್ನು ಡಬ್ಬಿಯ ಲೆಕ್ಕದಲ್ಲಿ ಹಿಡಿಯಿರಿ: ತಲಾ ತಿಂಗಳಿಗೆ 600 ಮಿ.ಲೀ. ಮೀರಬಾರದು, ನಾಲ್ವರ ಮನೆಗೆ 2.4 ಲೀಟರ್. ಎಣ್ಣೆಗಾಯಿ ವಾರಕ್ಕೆ ಮೂರು ಸಲ ಆದರೆ ಈ ಲೆಕ್ಕ ಉಳಿಯುವುದಿಲ್ಲ. ದಿನಕ್ಕೆ ಐದು ಚಹಾ, ಎರಡೆರಡು ಚಮಚ ಸಕ್ಕರೆ ಅಂದರೆ 200 ಕ್ಯಾಲೊರಿ, ಯಾರೂ ಊಟ ಎಂದು ಎಣಿಸದ್ದು. ಶ್ರಾವಣದ ಸಾಬೂದಾಣಿ ಖಿಚಡಿ ಉಪವಾಸವಲ್ಲ, ಶುದ್ಧ ಪಿಷ್ಟ.

ಎಷ್ಟು ಇಳಿಯಬೇಕು? ಈಗಿನ ತೂಕದ ಶೇ. 7. ಅಂದರೆ 80 ಕಿಲೋದವರು ಐದೂವರೆ ಕಿಲೋ, ವಾರಕ್ಕೆ ಅರ್ಧ ಕಿಲೋದಂತೆ. ಶೇ. 5 ಇಳಿದರೇ ಲಿವರಿನ ಕೊಬ್ಬು ತಗ್ಗತೊಡಗುತ್ತದೆ, ಬೆಳಗಿನ ಶುಗರ್ ಮೊದಲು ಸರಿಯಾಗುವುದು ಅದಕ್ಕೇ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಗುರಿ ಇದೇ ಶೇ. 7 ಮತ್ತು ವಾರಕ್ಕೆ 150 ನಿಮಿಷದ ನಡಿಗೆ, ಹೊಸದಾಗಿ ಡಯಾಬಿಟಿಸ್ ಬರುವುದು ಶೇ. 58 ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯ ಗುಂಪಿನಲ್ಲಿ ಶೇ. 31. ಚೆನ್ನೈನ ಡಾ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಿ ಜೀವನಶೈಲಿಯಿಂದ ಶೇ. 28.5, ಮೆಟ್‌ಫಾರ್ಮಿನ್ನಿನಿಂದ ಶೇ. 26.4, ಎರಡೂ ಸೇರಿದರೆ ಶೇ. 28.2. ಕೂಡಿಸಿದರೆ ಹೆಚ್ಚಾಗಲಿಲ್ಲ ಎನ್ನುವುದು ಗಮನಿಸಬೇಕಾದ ಅಂಶ.

ಸ್ನಾಯುವಿನ ಪಾಲು

ಸ್ನಾಯು ಕುಗ್ಗಿ ಹಿಗ್ಗುವಾಗ ಗ್ಲುಟ್-4 ಇನ್ಸುಲಿನ್ನಿಗೆ ಕಾಯದೆ ತಾನೇ ಮೇಲೆ ಬರುತ್ತದೆ. ತುಕ್ಕು ಹಿಡಿದ ಗೇಟಿನ ಪಕ್ಕದಲ್ಲಿ ಇನ್ನೊಂದು ಬಾಗಿಲು ಇದ್ದಂತೆ. ಒಂದು ದಿನದ ವ್ಯಾಯಾಮದ ಗುಣ 24ರಿಂದ 48 ಗಂಟೆ ಉಳಿಯುತ್ತದೆ, ಹಾಗಾಗಿ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು. ಭಾನುವಾರ ಒಂದೇ ದಿನ ಮೂರು ತಾಸು ನಡೆದರೆ ಗುರುವಾರಕ್ಕೆ ಏನೂ ಉಳಿದಿರುವುದಿಲ್ಲ.

ವಾರಕ್ಕೆ ಐದು ದಿನ 30 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದಷ್ಟು ವೇಗದಲ್ಲಿ. ಪ್ರತಿ ಊಟದ ನಂತರ 10-15 ನಿಮಿಷ ಅಂಗಳದಲ್ಲೇ ಓಡಾಡಿದರೂ ಶುಗರ್ ಏರಿಕೆ ತಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಗಿನ ಏಳರೊಳಗೆ ಮುಗಿಸಬೇಕು.

ಬರೀ ನಡಿಗೆಯಿಂದ ಸ್ನಾಯು ಬೆಳೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಭಾರದ ಕೆಲಸ ಬೇಕು: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಗೋಡೆಗೆ ಒತ್ತುವ ದಂಡ 10 ಸಲ, ಐದು ಲೀಟರಿನ ನೀರಿನ ಕ್ಯಾನು ಎತ್ತುವುದು 10 ಸಲ, ಇದನ್ನೇ ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಆಗದಿದ್ದರೆ ಭಾರ ಸಾಲದು. 'ಹೊಲದಾಗ ದುಡಿತೀವಿ, ನಮಗ್ಯಾಕೆ' ಅನ್ನುವವರನ್ನು ನಾಟಿ, ಕೊಯ್ಲು ಮುಗಿದ ತಿಂಗಳುಗಳ ಬಗ್ಗೆ ಕೇಳಿ.

ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಒಳ್ಳೆಯ ವ್ಯಾಯಾಮವೇ, ಆದರೆ ಮೊದಲ ವಾರದ ಕೆಲಸವಲ್ಲ. ಪಾದದ ಸ್ಪರ್ಶ ಕುಂದಿದವರು ಬೇಸಿಗೆ ಮಧ್ಯಾಹ್ನ ಅಲ್ಲಾಗಲಿ ಹುಲಿಗಿ ದೇವಸ್ಥಾನದಲ್ಲಾಗಲಿ ಬರಿಗಾಲಲ್ಲಿ ಕಾದ ಕಲ್ಲು ತುಳಿದರೆ ಬೊಬ್ಬೆ ಎದ್ದದ್ದು ಸಂಜೆಯವರೆಗೆ ಗೊತ್ತಾಗುವುದಿಲ್ಲ. ನಸುಕಿನಲ್ಲಿ ಹೋಗಿಬರಲಿ, ಬಂದ ಮೇಲೆ ಅಂಗಾಲು ನೋಡಿಕೊಳ್ಳಲಿ.

ಔಷಧಿ

ಇದು ಕಲಿಕೆಯ ಟಿಪ್ಪಣಿ, ಚೀಟಿಯಲ್ಲ. ಯಾರಿಗೆ ಯಾವುದು, ಎಷ್ಟು ಎನ್ನುವುದು ವೈದ್ಯರ ತೀರ್ಮಾನ.

ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರಿನ ಮೇಲೆ ಕೆಲಸ ಮಾಡುತ್ತದೆ. ರಾತ್ರಿ ಊಟದ ಜೊತೆ 500 ಮಿ.ಗ್ರಾಂನಿಂದ ಶುರು, ವಾರಕ್ಕೊಮ್ಮೆ 500 ಏರಿಕೆ, ಸಾಮಾನ್ಯವಾಗಿ 2000ದವರೆಗೆ. ಖಾಲಿ ಹೊಟ್ಟೆಯಲ್ಲಿ ನುಂಗಿ, ಭೇದಿಯಾಗಿ, 'ನನಗೆ ಆಗಿಬರಲ್ಲ' ಎಂದು ಬಿಡುವವರೇ ಬಹಳ. ನಿಧಾನಕ್ಕೆ ಕರಗುವ ಮಾತ್ರೆಯನ್ನು ಮುರಿದು ಪುಡಿ ಮಾಡಬಾರದು. ಅದರ ಖಾಲಿ ಸಿಪ್ಪೆ ಮಲದಲ್ಲಿ ಕಂಡರೆ ಗಾಬರಿ ಬೇಡ. ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಳತೆ) 30ಕ್ಕಿಂತ ಕೆಳಗಿದ್ದರೆ ಕೊಡುವಂತಿಲ್ಲ. ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕುಸಿಯುತ್ತದೆ, ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ಕಾಲು ಜುಮುಜುಮು ಅಂದರೆ ಎಲ್ಲವನ್ನೂ ಶುಗರಿನ ತಲೆಗೆ ಕಟ್ಟದೆ ಬಿ12 ನೋಡಿಸಿ.

ಪಿಯೋಗ್ಲಿಟಜೋನ್ ಕೊಬ್ಬಿನ ಅಂಗಾಂಶದ ಔಷಧಿ. ಪ್ರತಿರೋಧ ಇಳಿಸುವುದರಲ್ಲಿ ಗಟ್ಟಿ, ಆದರೆ ತೂಕ ಏರುತ್ತದೆ, ಕಾಲು ಬಾಯುತ್ತದೆ, ಹೃದಯ ವೈಫಲ್ಯ ಇದ್ದವರಿಗೆ ಕೂಡದು. ಗ್ಲಿಮೆಪಿರೈಡ್ ತುಕ್ಕು ತೆಗೆಯುವುದಿಲ್ಲ, ಇನ್ನಷ್ಟು ನೀರಗಂಟಿಗಳನ್ನು ಕಳಿಸುತ್ತದೆ ಅಷ್ಟೇ. ಏಕಾದಶಿ, ರೋಜಾ ದಿನ ಎಂದಿನಂತೆ ನುಂಗಿದರೆ ಶುಗರ್ 70ರ ಕೆಳಗೆ ಜಾರಬಹುದು. ಆಗ ಮೂರು ಚಮಚ ಸಕ್ಕರೆ ನೀರಿನಲ್ಲಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ.

ಡಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಒಂದೆರಡು ಕಿಲೋ ಇಳಿಸುತ್ತದೆ. ಜೊತೆಗೆ ನೀರೂ ಹೋಗುವುದರಿಂದ ಬೇಸಿಗೆಯಲ್ಲಿ ತಲೆಸುತ್ತು, ಜನನಾಂಗದ ಶಿಲೀಂಧ್ರ ಸೋಂಕು ಸಾಮಾನ್ಯ. ಹಸಿದಿದ್ದಾಗ ಶುಗರ್ ಹೆಚ್ಚಿರದೆಯೂ ಕೀಟೋಅಸಿಡೋಸಿಸ್ (ಕೊಬ್ಬು ಕರಗಿ ರಕ್ತ ಆಮ್ಲವಾಗುವ ಅಪಾಯದ ಸ್ಥಿತಿ) ಆಗಬಹುದು. ವಾಂತಿ, ಏದುಸಿರು ಕಂಡರೆ ಗ್ಲುಕೋಮೀಟರ್ ನೋಡಿ ಸಮಾಧಾನ ಪಡಬೇಡಿ. ವಾಂತಿ-ಭೇದಿಯ ದಿನ, ಆಪರೇಷನ್‌ಗೆ ಮೂರು ದಿನ ಮುಂಚೆ ಇದನ್ನು ನಿಲ್ಲಿಸಬೇಕು.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ವಾರಕ್ಕೊಂದು ಚುಚ್ಚುಮದ್ದು. ಇವು ಹಸಿವು ತಗ್ಗಿಸಿ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಸೆಮಾಗ್ಲುಟೈಡ್ 0.25 ಮಿ.ಗ್ರಾಂನಿಂದ ಶುರುವಾಗಿ ನಾಲ್ಕು ವಾರಕ್ಕೊಮ್ಮೆ ಏರುತ್ತದೆ, ಅವಸರಿಸಿದರೆ ವಾಂತಿ. 2.4 ಮಿ.ಗ್ರಾಂ ಪ್ರಮಾಣದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿದದ್ದು ಪ್ರಯೋಗದಲ್ಲಿ ಕಂಡಿದೆ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ವಾಪಸು ಬಂದದ್ದೂ ಕಂಡಿದೆ. ಇಳಿಯುವಾಗ ಸ್ನಾಯುವೂ ಹೋಗಿ, ಮರಳುವಾಗ ಕೊಬ್ಬೇ ಹೆಚ್ಚು ಬರುವ ಅಪಾಯವಿದೆ, ಆದ್ದರಿಂದ ನೀರಿನ ಕ್ಯಾನು, ಕಾಳಿನ ಪಲ್ಯ ಬಿಡುವಂತಿಲ್ಲ. ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕದ ಉರಿಯೂತ) ಆದವರು, ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇರುವವರು ವೈದ್ಯರಿಗೆ ಮೊದಲೇ ಹೇಳಬೇಕು.

ಇವುಗಳ ಪೆನ್ನಿನ ಮೇಲೆ 'ಕೋಣೆಯ ಉಷ್ಣತೆ' ಅಂದರೆ 30 ಡಿಗ್ರಿಯೊಳಗೆ ಎಂದು ಅರ್ಥ. ಬಳ್ಳಾರಿಯ ತಗಡಿನ ಮಾಡಿನ ಮನೆಯಲ್ಲಿ ಮೇ ತಿಂಗಳು ಅಂಥ ಕೋಣೆ ಸಿಗುವುದಿಲ್ಲ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, ಫ್ರೀಜರಿಗೆ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ ಪೆನ್ನು ಕರಗಿದರೂ ಕೆಲಸಕ್ಕೆ ಬಾರದು. ಇನ್ಸುಲಿನ್ ಬಳಸುವ, ಫ್ರಿಜ್ ಇಲ್ಲದ ಮನೆಯಲ್ಲಿ ಮರಳು ತುಂಬಿದ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ಮರಳಿಗೆ ದಿನಕ್ಕೆರಡು ಸಲ ನೀರು ಹಾಕಿ, ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಅದರೊಳಗಿಡಬಹುದು. ನಮ್ಮ ಒಣ ಹವೆಯಲ್ಲಿ ನೀರು ಬೇಗ ಆರುವುದರಿಂದ ಮಡಕೆ ಚೆನ್ನಾಗಿ ತಂಪಾಗುತ್ತದೆ. ಮಳೆಗಾಲದ ತೇವದಲ್ಲಿ ಅಷ್ಟಾಗುವುದಿಲ್ಲ.