ಕಾಫಿಯ ಹಣ ಷೇರಿನಲ್ಲಿ ಕರಗಿದೆ: ಆವರೇಜ್ ಮಾಡಲೇ, ಮಾರಿ ಹೊರಬರಲೇ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಕಳೆದ ಹಂಗಾಮಿನ ಹಣದಲ್ಲಿ 9 ಲಕ್ಷ ರೂಪಾಯಿಯ ಷೇರು ಕೊಂಡೆ. ಅದೀಗ 6 ಲಕ್ಷಕ್ಕೆ ಇಳಿದಿದೆ. ಒಂದು ಸಣ್ಣ ಕಂಪನಿಯ 1,500 ಷೇರುಗಳನ್ನು 400 ರೂಪಾಯಿಯಂತೆ ಕೊಂಡಿದ್ದೆ, ಈಗ ಅದರ ಬೆಲೆ 200. ನಷ್ಟ ತುಂಬಿಕೊಳ್ಳಲು ಚಿನ್ನ ಅಡವಿಟ್ಟು 2 ಲಕ್ಷ ತಂದು, ಷೇರು ಬೆಲೆಯ ಏರಿಳಿತದ ಮೇಲೆ ಪಂತ ಕಟ್ಟುವಂಥ ಆಪ್ಷನ್ಸ್‌ಗೆ ಹಾಕಿದೆ, ಅದೂ ಹೋಯಿತು. ಬಿದ್ದ ಷೇರನ್ನೇ ಇನ್ನಷ್ಟು ಕೊಂಡು ಆವರೇಜ್ ಮಾಡಲೇ, ಎಲ್ಲವನ್ನೂ ಮಾರಿಬಿಡಲೇ?

ಉತ್ತರ: ಎರಡೂ ಬೇಡ. ಆ ಸಣ್ಣ ಕಂಪನಿಯ ಸುಮಾರು 1,000 ಷೇರುಗಳನ್ನು ಮಾರಿ ಮೊದಲು ಚಿನ್ನವನ್ನು ಬಿಡಿಸಿಕೊಳ್ಳಿ. ಷೇರು ಏರುವುದೋ ಇಳಿಯುವುದೋ ಯಾರೂ ಹೇಳಲಾರರು, ಆದರೆ ಸಾಲ ತೀರಿಸಿದರೆ ಬಡ್ಡಿ ಉಳಿತಾಯವಾಗುವುದು ಮಾತ್ರ ಖಚಿತ. ಈ ಒಂದು ಮಾರಾಟದಿಂದ ಇನ್ನೊಂದು ಕೆಲಸವೂ ಆಗುತ್ತದೆ: ಇಂದು ನಿಮ್ಮ 6 ಲಕ್ಷದಲ್ಲಿ ಅರ್ಧ ಒಂದೇ ಕಂಪನಿಯಲ್ಲಿದ್ದರೆ, ಮಾರಿದ ಮೇಲೆ 4 ಲಕ್ಷದಲ್ಲಿ ಕಾಲು ಭಾಗ ಮಾತ್ರ ಅಲ್ಲಿ ಉಳಿಯುತ್ತದೆ. ಸಣ್ಣ ಕಂಪನಿಯ ಷೇರಿಗೆ ಕೊಳ್ಳುವವರು ಕಡಿಮೆ ಇರುವುದರಿಂದ ಎಲ್ಲವನ್ನೂ ಒಮ್ಮೆಲೇ, ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್‌ನಲ್ಲಿ ಹಾಕದೆ, ಕನಿಷ್ಠ ಬೆಲೆಯನ್ನು ನೀವೇ ನಿಗದಿಪಡಿಸುವ ಲಿಮಿಟ್ ಆರ್ಡರ್‌ನಲ್ಲಿ ಕೆಲವು ದಿನಗಳ ಕಾಲ ಸ್ವಲ್ಪಸ್ವಲ್ಪವಾಗಿ ಮಾರಿ.

ಆವರೇಜ್ ಮಾಡುವ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿ. ಇನ್ನೂ 1,500 ಷೇರುಗಳನ್ನು 200ರಂತೆ ಕೊಂಡರೆ ಸರಾಸರಿ ಬೆಲೆ 300 ಆಗುತ್ತದೆ, ಅಸಲು ಬರಲು ಷೇರು ಶೇ 100ರ ಬದಲು ಶೇ 50 ಏರಿದರೆ ಸಾಕು; ಮನಸ್ಸಿಗೆ ಹಿತವಾಗುವುದು ಈ ಅರ್ಧ ಲೆಕ್ಕ. ಉಳಿದರ್ಧವೆಂದರೆ, ಬೆಲೆ 150ಕ್ಕೆ ಇಳಿದರೆ 3.75 ಲಕ್ಷವಾಗಬೇಕಿದ್ದ ನಷ್ಟ 4.5 ಲಕ್ಷವಾಗುತ್ತದೆ, ಅದಕ್ಕಾಗಿ ಹೊಸದಾಗಿ 3 ಲಕ್ಷವನ್ನೂ ತಂದಿರಬೇಕಾಗುತ್ತದೆ. ನೀವು ಕೊಂಡ ಬೆಲೆ ಮಾರುಕಟ್ಟೆಗೆ ಗೊತ್ತಿಲ್ಲ. ಕೈಯಲ್ಲಿ ಇಂದು ನಗದು ಇದ್ದಿದ್ದರೆ, ಕಂಪನಿಯ ಸಾಲ, ಲಾಭ, ಪ್ರವರ್ತಕರು ಅಡವಿಟ್ಟ ಪಾಲು ಇವನ್ನೆಲ್ಲ ನೋಡಿದ ಮೇಲೆ ಇದನ್ನೇ ಕೊಳ್ಳುತ್ತಿದ್ದಿರಾ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ಉಳಿದ 500 ಷೇರುಗಳನ್ನೂ ಇಟ್ಟುಕೊಳ್ಳಲು ಕಾರಣವಿಲ್ಲ.

ಆಪ್ಷನ್ಸ್ ಅನ್ನು ಪೂರ್ತಿ ನಿಲ್ಲಿಸಿ. ಬ್ರೋಕರ್ ಆ್ಯಪ್‌ನಲ್ಲಿ ಆ ವಿಭಾಗವನ್ನೇ ಮುಚ್ಚಿಸುವುದು ಇನ್ನೂ ಒಳ್ಳೆಯದು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವಹಿವಾಟು ನಡೆಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದರೆಂದೂ, ಆ ನಷ್ಟದ ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿ ದಾಟಿತೆಂದೂ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನವೇ ಹೇಳಿದೆ. ಹೀಗಿರುವಾಗ ಸೋತದ್ದು ನಿಮ್ಮೊಬ್ಬರ ದಡ್ಡತನವಲ್ಲ. ಮನೆಯವರಿಂದ ಇದನ್ನು ಮುಚ್ಚಿಡಬೇಡಿ; ಮುಚ್ಚಿಟ್ಟ ನಷ್ಟವೇ ಮತ್ತೊಂದು ಸಾಲ ಮಾಡಿಸುತ್ತದೆ. ನಿದ್ದೆ ಬಾರದಷ್ಟು ಚಿಂತೆಯಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಉಳಿದ ಷೇರುಗಳನ್ನು ಗಾಬರಿಯಿಂದ ಮಾರಬೇಕಾಗಿಲ್ಲ, ಆದರೆ ತೋಟದ ಖರ್ಚಿನ ಹಣ ಮಾತ್ರ ಅಲ್ಲಿರಬಾರದು. ವಾರದ ಬಟವಾಡೆ, ಗೊಬ್ಬರ, ಮರಗಸಿ, ಬೋರ್ಡೋ ಸಿಂಪಡಣೆ ಯಾವುದೂ ಷೇರಿನ ಬೆಲೆ ಏರಲೆಂದು ಕಾಯುವುದಿಲ್ಲ, ಆದ್ದರಿಂದ ಮುಂದಿನ ಕುಯ್ಲಿನವರೆಗೆ ಬೇಕಾಗುವಷ್ಟನ್ನು ಮೊದಲು ಬ್ಯಾಂಕಿಗೆ ತಂದಿಡಿ. ಪ್ಲಾಂಟೇಶನ್ ಕಂಪನಿಗಳ ಷೇರು ಇದ್ದರೆ ಅವನ್ನೂ ಕಡಿಮೆ ಮಾಡಿ. ಕಾಫಿ ಬೆಲೆ ಕುಸಿದ ವರ್ಷ ತೋಟದ ಆದಾಯ ಮತ್ತು ಷೇರು ಎರಡೂ ಒಟ್ಟಿಗೆ ಕೈಕೊಡಬಹುದು.

ತೆರಿಗೆಯ ವಿಚಾರದಲ್ಲಿ ಒಂದಿಷ್ಟು ಸಮಾಧಾನವಿದೆ. ಆ 1,000 ಷೇರುಗಳನ್ನು ಕೊಂಡು 12 ತಿಂಗಳೊಳಗೆ ಮಾರಿದರೆ ಆಗುವ ಸುಮಾರು 2 ಲಕ್ಷ ರೂಪಾಯಿ ಅಲ್ಪಾವಧಿ ಬಂಡವಾಳ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಬಗೆಯ ಬಂಡವಾಳ ಲಾಭದ ಎದುರು ಹೊಂದಿಸಬಹುದು. ಆಪ್ಷನ್ಸ್ ನಷ್ಟ ವ್ಯವಹಾರ ನಷ್ಟವೆನಿಸುವುದರಿಂದ, ಅದೇ ವರ್ಷದ ಬಾಡಿಗೆ ಅಥವಾ ಬ್ಯಾಂಕ್ ಬಡ್ಡಿಯ ಎದುರು ಹೊಂದಿಸಬಹುದು, ಸಂಬಳದ ಎದುರು ಆಗದು. ತೆರಿಗೆಯಿಲ್ಲದ ಕೃಷಿ ಆದಾಯದ ಎದುರು ಇವೆರಡನ್ನೂ ಹೊಂದಿಸಲು ಬರುವುದಿಲ್ಲ. ಮಿಕ್ಕ ನಷ್ಟವನ್ನು ಮುಂದಿನ 8 ವರ್ಷಗಳವರೆಗೆ ಒಯ್ಯಬಹುದಾದರೂ ಗಡುವಿನೊಳಗೆ ರಿಟರ್ನ್ ಸಲ್ಲಿಸಿರಲೇಬೇಕು, ಹಾಗಾಗಿ ಬ್ರೋಕರ್‌ನಿಂದ ಲಾಭ-ನಷ್ಟದ ವರದಿಯನ್ನು ಇಳಿಸಿಕೊಂಡು ಈ ತಿಂಗಳೇ ನಿಮ್ಮ ಲೆಕ್ಕಪರಿಶೋಧಕರನ್ನು ಕಾಣಿ.